ಹಾಡುವ ಬಸವನಹುಳು

ಬಸವನಹುಳು ಹಾಡುವುದುಂಟೆ? ಉಂಟು ಎನ್ನುತ್ತವೆ ಹವಾಯಿ ದ್ವೀಪಗಳ ಹಳೆಯ ಐತಿಹ್ಯಗಳು. ಅಲ್ಲಿಯ ಮರಗಳ ಮೇಲೆ ಬಾಳುವ ಬಸವನಹುಳುಗಳಿಗೆ ‘ಕಾಹುಲಿ’ ಎಂದು ಹೆಸರು. ಇರುಳಿನಲ್ಲಿ ಕಾಡೆಲ್ಲ ಇವುಗಳ ಇನಿದನಿಯಿಂದ ತುಂಬುತ್ತಿತ್ತೆಂದು ದ್ವೀಪವಾಸಿಗಳು ನಂಬಿದ್ದರು. ಬಸವನಹುಳುವಿಗೆ ಕಂಠವೆಲ್ಲಿಯದು, ಅದು ಜೀರುಂಡೆಯ ಧ್ವನಿಯಿರಬೇಕು ಎನ್ನುತ್ತಾರೆ ಪ್ರಾಣಿಶಾಸ್ತ್ರಜ್ಞರು. ಹಾಡಿನ ಮಾತು ಹೇಗಾದರೂ ಇರಲಿ, ಹಾಡುತ್ತಿದ್ದುವೆನ್ನಲಾದ ಆ ಜೀವಿಗಳೇ ಈಗ ಕಣ್ಮರೆಯಾಗುತ್ತಿವೆ.

ಶಾಂತಸಾಗರದ ನಡುವೆ, ಜ್ವಾಲಾಮುಖಿಯಿಂದ ಮೂಡಿಬಂದ ಓವಾಹು ದ್ವೀಪದ ಬೆಟ್ಟಗಳೇ ‘ಅಕಾಟಿನೆಲ್ಲ’ ಎಂಬ ಕುಲದ ತವರು. ಅದರ 41 ಜಾತಿಗಳಲ್ಲಿ ಒಂದೂ ಪ್ರಪಂಚದ ಬೇರಾವ ಕಡೆಯಲ್ಲಿಯೂ ಹುಟ್ಟಿದ್ದಲ್ಲ. ಮುಕ್ಕಾಲು ಅಂಗುಲದ ಚಿಪ್ಪು. ಅದರ ಮೇಲೆ ಹಳದಿ, ಹಸುರು, ಕಂದು, ಬಿಳಿಯ ಪಟ್ಟೆಗಳು. ಕಣಿವೆ ಬದಲಾದಂತೆ ಬಣ್ಣವೂ ಬದಲು. ಮರದ ಮೇಲೆ ವಾಸವಾದರೂ ಈ ಹುಳು ಎಲೆಯನ್ನು ಕಡಿಯುವುದಿಲ್ಲ. ಎಲೆಯ ಮೇಲೆ ಹಬ್ಬಿದ ಬೂಷ್ಟನ್ನಷ್ಟೇ ಕೆರೆದು ತಿನ್ನುತ್ತದೆ. ಮೊಟ್ಟೆಯಿಡದೆ ಒಂದು ಸಲಕ್ಕೆ ಒಂದೇ ಮರಿಯನ್ನು ಈಯುತ್ತದೆ. ಆ ಮರಿ ಪ್ರಾಯಕ್ಕೆ ಬರಲು ಹಲವು ವರ್ಷಗಳು ಬೇಕು. ಬೇಟೆಯಾಡುವವರಿಲ್ಲದ ನಾಡಿನಲ್ಲಿ ಈ ನಿಧಾನವೇ ಸಾಕಾಗಿತ್ತು.

ಆದರೆ ಕಾಡು ಕಡಿಯಲ್ಪಟ್ಟಿತು. ಹಡಗುಗಳೊಡನೆ ಇಲಿಗಳು ಬಂದುವು. ಚಿಪ್ಪಿನ ಅಂದಕ್ಕೆ ಮಾರುಹೋದ ಸಂಗ್ರಾಹಕರು ಹತ್ತೊಂಬತ್ತನೆಯ ಶತಮಾನದಲ್ಲಿ ಸಾವಿರಗಟ್ಟಲೆ ಹುಳುಗಳನ್ನು ಕೊಂದೊಯ್ದರು. ಆಮೇಲೆ ಬಂದುದು ಆಫ್ರಿಕದ ದೈತ್ಯ ಬಸವನಹುಳು. ನಮ್ಮ ನಾಡಿನ ತೋಟಗಳಲ್ಲೂ ಹಾವಳಿಯೆಬ್ಬಿಸಿರುವ ಅದೇ ಹುಳು, 1936ರಲ್ಲಿ ಹವಾಯಿಯನ್ನು ಸೇರಿತು. ನೂರಾರು ಮೊಟ್ಟೆಯಿಟ್ಟು ಬೆಳೆಗೆ ಮಾರಿಯಾಯಿತು. ಮುಳ್ಳನ್ನು ಮುಳ್ಳಿನಿಂದಲೇ ತೆಗೆಯೋಣವೆಂದು ಅಲ್ಲಿಯ ಅಧಿಕಾರಿಗಳು 1955ರಲ್ಲಿ ಬಸವನಹುಳುಗಳನ್ನೇ ತಿನ್ನುವ ಇನ್ನೊಂದು ಬಸವನಹುಳುವನ್ನು ಫ್ಲಾರಿಡದಿಂದ ತರಿಸಿ ಬಿಟ್ಟರು. ಅದು ಲೋಳೆಯ ಜಾಡು ಹಿಡಿದು ಬೇಟೆಯಾಡುತ್ತದೆ, ಮರವನ್ನೂ ಏರುತ್ತದೆ. ದೈತ್ಯನ ಹಾವಳಿ ನಿಲ್ಲಲಿಲ್ಲ. ಬೇಟೆಗಾರ ಬೆಟ್ಟವನ್ನು ಹತ್ತಿ ನಿರಪರಾಧಿ ಕಾಹುಲಿಯನ್ನು ನುಂಗತೊಡಗಿತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆಯೆಳೆದರೆಂಬ ಗಾದೆಗೆ ಇದಕ್ಕಿಂತ ಒಳ್ಳೆಯ ನಿದರ್ಶನವುಂಟೆ?

1981ರಲ್ಲಿ ಅಮೆರಿಕದ ಸರಕಾರವು ಇಡೀ ಕುಲವನ್ನೇ ಅಳಿವಿನಂಚಿನ ಜೀವಿಗಳ ಪಟ್ಟಿಗೆ ಸೇರಿಸಿತು. ಆ ವೇಳೆಗಾಗಲೇ ಎಷ್ಟೋ ಜಾತಿಗಳು ನಾಮಾವಶೇಷವಾಗಿದ್ದುವು. ‘ಅಕಾಟಿನೆಲ್ಲ ಅಪೆಕ್ಸ್‌ಫುಲ್ವ’ ಎಂಬ ಜಾತಿಯ ಕಥೆಯಂತೂ ಕರುಣಾಜನಕ. ಪಾಶ್ಚಾತ್ಯ ವಿಜ್ಞಾನಿಗಳು ಹವಾಯಿಯ ನೆಲದ ಬಸವನಹುಳುಗಳಲ್ಲಿ ಮೊದಲು ವರ್ಣಿಸಿದುದು ಇದನ್ನೇ; ದ್ವೀಪವಾಸಿಗಳ ಹಾರವೊಂದರಲ್ಲಿ ಪೋಣಿಸಿದ್ದ ಚಿಪ್ಪಿನಿಂದ. 1997ರಲ್ಲಿ ಕಾಡಿನಲ್ಲಿ ಉಳಿದಿದ್ದ ಹತ್ತನ್ನು ಹವಾಯಿ ವಿಶ್ವವಿದ್ಯಾನಿಲಯದ ಪ್ರಯೋಗಾಲಯಕ್ಕೆ ತಂದರು. ಮರಿಗಳು ಹುಟ್ಟಿದುವು, ಆದರೆ ಉಳಿಯಲಿಲ್ಲ. ಕೊನೆಗೆ ಉಳಿದುದು ಒಂದೇ. ಅದಕ್ಕೆ ಜಾರ್ಜ್ ಎಂದು ಹೆಸರಿಟ್ಟರು. ಈ ಕುಲದ ಪ್ರತಿಯೊಂದು ಜೀವಿಯೂ ಗಂಡೂ ಹೌದು, ಹೆಣ್ಣೂ ಹೌದು. ಆದರೂ ಸಂತಾನಕ್ಕೆ ಜೊತೆಗಾರ ಬೇಕು. ಎಷ್ಟು ಹುಡುಕಿದರೂ ಜಾರ್ಜ್‌ಗೆ ಜೊತೆ ಸಿಗಲಿಲ್ಲ. 2019ರ ಜನವರಿ 1ರಂದು, ಸುಮಾರು ಹದಿನಾಲ್ಕು ವರ್ಷ ಬಾಳಿ, ಅದು ತೀರಿಕೊಂಡಿತು. ಅದರೊಡನೆ ಒಂದು ಜಾತಿಯೇ ಮುಗಿಯಿತು.

ಉಳಿದ ಕೆಲವು ಜಾತಿಗಳಿಗೆ ಈಗ ಬೆಟ್ಟದ ಮೇಲೆ ಕೋಟೆ ಕಟ್ಟಲಾಗಿದೆ. ಕಾಡಿನ ಒಂದು ತುಣುಕನ್ನು ಸುತ್ತುವರಿದ ಗೋಡೆ. ಅದಕ್ಕೆ ಇಲಿ ಏರದಂತೆ ತಡೆ, ಬೇಟೆಗಾರ ಹುಳು ದಾಟದಂತೆ ತಾಮ್ರದ ಬಲೆ ಮತ್ತು ವಿದ್ಯುತ್ತಿನ ತಂತಿ. ಒಳಗಿನ ಮರಗಳಲ್ಲಿ ಕಾಹುಲಿಗಳು ಇರುಳೆಲ್ಲ ಎಲೆಯಿಂದೆಲೆಗೆ ಮೆಲ್ಲನೆ ಸರಿಯುತ್ತವೆ. ಬೇಟೆಗಾರನನ್ನು ತಂದು ಬಿಡುವುದು ಸುಲಭವಾಗಿತ್ತು; ಹಿಂದಕ್ಕೆ ಕರೆಯುವ ವಿದ್ಯೆ ಯಾರಿಗೂ ತಿಳಿದಿಲ್ಲ. ಆದ್ದರಿಂದ ಈ ಗೋಡೆಗಳನ್ನು ಎಂದಿಗೆ ಕೆಡವಬಹುದೆಂದು ಕೇಳಿದರೆ, ಉತ್ತರ ಹೇಳುವವರಿಲ್ಲ.