ಕೂಸಿನ ರಕ್ತದಲ್ಲಿ ತಾಯಿಯ ಗುರುತು

ಹಳೆ ಮೈಸೂರು ಸೀಮೆಯ ಹಳ್ಳಿಗಳಲ್ಲಿ ಯಾರದಾದರೂ ಕಣ್ಣು ಹಳದಿಗೆ ತಿರುಗಿತೆಂದರೆ ಮನೆಯವರಿಗೆ ಮೊದಲು ನೆನಪಾಗುವುದು ನಾಟಿ ಔಷಧಿ ಕೊಡುವವರು. ಖಾರವಿಲ್ಲ, ಎಣ್ಣೆಯಿಲ್ಲ, ಹದಿನೈದು ದಿನ ಕಟ್ಟುನಿಟ್ಟಿನ ಪಥ್ಯ. ಬಹಳಷ್ಟು ಮಂದಿ ಗುಣವಾಗುತ್ತಾರೆ, ಕೀರ್ತಿ ಸೊಪ್ಪಿನ ರಸಕ್ಕೆ ಸಲ್ಲುತ್ತದೆ. ನಿಜ ಸಂಗತಿ ಬೇರೆ. ಕೆಟ್ಟ ನೀರು, ಕೆಟ್ಟ ಆಹಾರದಿಂದ ಬರುವ ಹೆಪಟೈಟಿಸ್ ಎ ಮತ್ತು ಇ ಕಾಮಾಲೆಗಳು ಬಹುಪಾಲು ಜನರಲ್ಲಿ ತಾವಾಗಿಯೇ ಇಳಿದುಹೋಗುತ್ತವೆ.

ಆದರೆ ಇದೇ ಮನೆತನದ ಇನ್ನೊಂದು ರೋಗಾಣು ಕಣ್ಣನ್ನು ಹಳದಿ ಮಾಡುವ ಗೋಜಿಗೇ ಸಾಮಾನ್ಯವಾಗಿ ಹೋಗುವುದಿಲ್ಲ. ಅದು ಹೆಪಟೈಟಿಸ್ ಸಿ. ರಕ್ತದಿಂದ ರಕ್ತಕ್ಕೆ ದಾಟುವ ಈ ವೈರಸ್ ಇಪ್ಪತ್ತು, ಮೂವತ್ತು ವರ್ಷ ಸದ್ದಿಲ್ಲದೆ ಪಿತ್ತಜನಕಾಂಗದಲ್ಲಿ ಕುಳಿತು ಅದನ್ನು ಗಂಟುಗಂಟಾಗಿಸಬಲ್ಲದು, ಕೆಲವರಲ್ಲಿ ಕ್ಯಾನ್ಸರಿಗೂ ದಾರಿಮಾಡಬಲ್ಲದು. ವಿಶ್ವ ಆರೋಗ್ಯ ಸಂಸ್ಥೆಯ 2024ರ ವರದಿಯಂತೆ 2022ರಲ್ಲಿ ಭಾರತದಲ್ಲಿ ಸುಮಾರು 55 ಲಕ್ಷ ಮಂದಿಯ ದೇಹದಲ್ಲಿ ಈ ವೈರಸ್ ಇತ್ತು. ಅವರಲ್ಲಿ ಹೆಚ್ಚಿನವರಿಗೆ ಅದರ ಸುಳಿವೇ ಇಲ್ಲ.

ಸುಳಿವು ಸಿಗುವುದಾದರೂ ಹೇಗೆ? 1989ರವರೆಗೆ ಈ ವೈರಸ್ಸಿಗೆ ಹೆಸರೇ ಇರಲಿಲ್ಲ. ‘ಎ ಅಲ್ಲದ, ಬಿ ಅಲ್ಲದ ಹೆಪಟೈಟಿಸ್’ ಎಂದು ವೈದ್ಯರು ಕೈಚೆಲ್ಲಿ ಬರೆದುಕೊಳ್ಳುತ್ತಿದ್ದರು. ಆ ವರ್ಷ ಮೈಕೆಲ್ ಹೌಟನ್ ಮತ್ತು ಸಂಗಡಿಗರು ಅದರ ಜಾಡು ಹಿಡಿದರು. ಹಾರ್ವೆ ಆಲ್ಟರ್, ಚಾರ್ಲ್ಸ್ ರೈಸ್ ಅವರೊಂದಿಗೆ ಹೌಟನ್‌ಗೆ 2020ರ ವೈದ್ಯಕೀಯ ನೊಬೆಲ್ ಬಂತು. ಭಾರತದ ರಕ್ತನಿಧಿಗಳಲ್ಲಿ ಸಿ ಪರೀಕ್ಷೆ ಕಡ್ಡಾಯವಾದದ್ದು ಈ ಶತಮಾನದ ಆರಂಭದಲ್ಲಷ್ಟೆ. ಅದಕ್ಕೂ ಮೊದಲು ಬಾಟಲಿ ರಕ್ತ ಏರಿಸಿಕೊಂಡವರು, ಒಂದೇ ಸೂಜಿಯನ್ನು ಹತ್ತು ಜನಕ್ಕೆ ಚುಚ್ಚುತ್ತಿದ್ದವರ ಬಳಿ ಇಂಜೆಕ್ಷನ್ ಹಾಕಿಸಿಕೊಂಡವರು, ಜಾತ್ರೆಯಲ್ಲಿ ಹಚ್ಚೆ ಹಾಕಿಸಿಕೊಂಡವರು ಅರಿವಿಲ್ಲದೆ ಇದನ್ನು ಹೊತ್ತು ತಿರುಗುತ್ತಿರಬಹುದು. ‘ಒಂದು ಸೂಜಿ ಹಾಕಿಬಿಡಿ ಸಾರ್’ ಎನ್ನುವ ಅಭ್ಯಾಸ ಇನ್ನೂ ಹೋಗಿಲ್ಲವೆಂಬುದನ್ನು ಇಲ್ಲಿ ನೆನೆಯಬೇಕು.

ಹೀಗೆ ಹೊತ್ತವರಲ್ಲಿ ಒಬ್ಬಾಕೆ ಗರ್ಭಿಣಿ ಎಂದುಕೊಳ್ಳಿ. ಎಚ್‌ಐವಿ, ಸಿಫಿಲಿಸ್, ಹೆಪಟೈಟಿಸ್ ಬಿ ಪರೀಕ್ಷೆಗಳು ಸರ್ಕಾರಿ ಆಸ್ಪತ್ರೆಯಲ್ಲಿ ಗರ್ಭಿಣಿಯರಿಗೆ ನಡೆಯುತ್ತವೆ. ಸಿ ಪರೀಕ್ಷೆ ಹಾಗೆ ಎಲ್ಲರಿಗೂ ನಡೆಯುವಂಥದ್ದಲ್ಲ. ಅನೇಕರಿಗೆ ಅದು ಗೊತ್ತಾಗುವುದು ಖಾಸಗಿ ನರ್ಸಿಂಗ್ ಹೋಮಿನಲ್ಲಿ, ಸಿಸೇರಿಯನ್‌ಗೆ ಮೊದಲು ರಕ್ತ ತೆಗೆದಾಗ. ಹೆರಿಗೆ ನೋವಿನ ನಡುವೆ ಈ ಸುದ್ದಿ! ಮರುಕ್ಷಣವೇ ಅತ್ತೆ, ಗಂಡ, ಅಮ್ಮ ಎಲ್ಲರ ಬಾಯಲ್ಲೂ ಒಂದೇ ಪ್ರಶ್ನೆ: ‘ಮಗೂಗೆ ಬಂದದಾ?’

ಬರುವ ಸಾಧ್ಯತೆ ಜನ ಹೆದರುವಷ್ಟಿಲ್ಲ. ವೈರಸ್ ರಕ್ತದಲ್ಲಿರುವ ನೂರು ತಾಯಂದಿರಿಗೆ ಹುಟ್ಟಿದ ಮಕ್ಕಳಲ್ಲಿ ಆರೇಳಕ್ಕೆ ಮಾತ್ರ ಸೋಂಕು ತಗಲುತ್ತದೆ. ತಾಯಿಗೆ ಎಚ್‌ಐವಿ ಕೂಡ ಇದ್ದರೆ ಈ ಪ್ರಮಾಣ ಸುಮಾರು ಇಮ್ಮಡಿಯಾಗುತ್ತದೆ. ಹಾಗಾದರೆ ಕೂಸಿನ ಹಿಮ್ಮಡಿಯಿಂದ ಎರಡು ತೊಟ್ಟು ರಕ್ತ ತೆಗೆದು ಅಂದೇ ನೋಡಿಬಿಟ್ಟರಾಯಿತಲ್ಲ? ತೊಡಕಿರುವುದು ಇಲ್ಲೇ.

ಎರಡನೇ ಪಿಯುಸಿ ಜೀವಶಾಸ್ತ್ರ ಓದಿದ ವಿದ್ಯಾರ್ಥಿಗಳಿಗೆ ಇದು ಗೊತ್ತಿರಬೇಕು. ಗರ್ಭದಲ್ಲಿರುವಾಗ ತಾಯಿಯ ಪ್ರತಿಕಾಯಗಳು ಮಾಸಿನ ಮೂಲಕ ಮಗುವಿಗೆ ಹರಿಯುತ್ತವೆ. ದಡಾರದಂಥ ರೋಗಗಳಿಂದ ಎಳೆಗೂಸನ್ನು ಕೆಲವು ತಿಂಗಳು ಕಾಯುವ ಕೊಡುಗೆ ಅದು. ಹೆಪಟೈಟಿಸ್ ಸಿ ವಿರುದ್ಧ ತಾಯಿಯ ದೇಹ ತಯಾರಿಸಿದ ಪ್ರತಿಕಾಯಗಳೂ ಇದೇ ದಾರಿಯಲ್ಲಿ ಬರುತ್ತವೆ. ಸಾಮಾನ್ಯ ಸಿ ಪರೀಕ್ಷೆ ಹುಡುಕುವುದು ವೈರಸ್ಸನ್ನಲ್ಲ, ಈ ಪ್ರತಿಕಾಯವನ್ನು. ಹೀಗಾಗಿ ಸೋಂಕಿತ ತಾಯಿಯ ಕೂಸಿಗೆ ಆ ಪರೀಕ್ಷೆ ಮಾಡಿದರೆ ‘ಪಾಸಿಟಿವ್’ ಎಂದೇ ಬರುತ್ತದೆ, ಕೂಸು ಸಂಪೂರ್ಣ ಆರೋಗ್ಯವಾಗಿದ್ದರೂ! ಅಲ್ಲಿ ಕಾಣುವುದು ತಾಯಿಯ ಗುರುತು, ಮಗುವಿನ ರೋಗವಲ್ಲ. ಈ ಗುರುತು ಪೂರ್ತಿ ಅಳಿಯಲು ಹದಿನೆಂಟು ತಿಂಗಳವರೆಗೂ ಬೇಕಾಗಬಹುದು. ಅಷ್ಟರೊಳಗೆ ಆ ಒಂದು ಚೀಟಿ ಹಿಡಿದು ಎದೆಹಾಲು ಬಿಡಿಸಿ, ಸೊಸೆಯನ್ನು ತವರಿಗೆ ಅಟ್ಟುವ ಮನೆಗಳಿದ್ದರೆ ತಪ್ಪು ರಕ್ತದ್ದಲ್ಲ, ಚೀಟಿಯನ್ನು ಓದಿದವರದು.

ಇದಕ್ಕೆ ಪರಿಹಾರ ವೈರಸ್ಸನ್ನೇ ನೇರವಾಗಿ ಹುಡುಕುವ ಪರೀಕ್ಷೆ. ಈ ವೈರಸ್ಸಿನ ತಳಿವಸ್ತು ಆರ್‌ಎನ್‌ಎ. ಅದನ್ನು ಮೊದಲು ಡಿಎನ್‌ಎ ಆಗಿಸಿ, ನಂತರ ಪಿಸಿಆರ್ ವಿಧಾನದಲ್ಲಿ ಒಂದನ್ನು ಕೋಟಿಯಾಗಿಸಿ ನೋಡುತ್ತಾರೆ. ಕೋವಿಡ್ ಕಾಲದಲ್ಲಿ ಮೂಗಿಗೆ ಕಡ್ಡಿ ಹಾಕಿ ಮಾಡಿದ್ದೂ ಇದೇ ತಂತ್ರ. ಆದರೆ ಹುಟ್ಟಿದ ದಿನವೇ ಇದನ್ನು ಮಾಡಿದರೂ ಪ್ರಯೋಜನ ಕಡಿಮೆ. ಹೊಕ್ಕುಳಬಳ್ಳಿಯ ರಕ್ತದಲ್ಲಿ ತಾಯಿಯ ರಕ್ತ ಬೆರೆತಿರಬಹುದು. ಹೆರಿಗೆಯ ವೇಳೆ ತಗಲಿದ ಸೋಂಕು ಅಳತೆಗೆ ಸಿಗುವಷ್ಟು ಬೆಳೆಯಲೂ ಕೆಲವು ವಾರ ಬೇಕು.

ಹಿಂದಿನ ರೂಢಿ ‘ಹದಿನೆಂಟು ತಿಂಗಳು ಕಾಯಿರಿ, ಆಮೇಲೆ ಪ್ರತಿಕಾಯ ನೋಡೋಣ’ ಎಂಬುದಾಗಿತ್ತು. ಶಾಸ್ತ್ರದ ಪ್ರಕಾರ ಅದು ಸರಿಯೇ. ಆದರೆ ಹದಿನೆಂಟು ತಿಂಗಳ ನಂತರ ಮಗುವನ್ನು ಕರೆತರುವವರು ಯಾರು? ಅಮೆರಿಕದ ಫಿಲಡೆಲ್ಫಿಯಾ ನಗರದಲ್ಲಿ ಸೋಂಕಿತ ತಾಯಂದಿರ 500ಕ್ಕೂ ಹೆಚ್ಚು ಮಕ್ಕಳ ದಾಖಲೆ ನೋಡಿದಾಗ ಪರೀಕ್ಷೆ ಆಗಿದ್ದದ್ದು ನೂರಕ್ಕೆ 16ಕ್ಕೆ ಮಾತ್ರ. ಈ ಅಧ್ಯಯನ 2016ರಲ್ಲಿ ಪ್ರಕಟವಾಯಿತು. ಅಲ್ಲಿನ ರೋಗ ನಿಯಂತ್ರಣ ಕೇಂದ್ರ 2023ರಲ್ಲಿ ಸಲಹೆಯನ್ನೇ ಬದಲಿಸಿತು. ಎರಡರಿಂದ ಆರು ತಿಂಗಳ ನಡುವೆ ಒಮ್ಮೆ ಆರ್‌ಎನ್‌ಎ ಪರೀಕ್ಷೆ ಮಾಡಿ. ವೈರಸ್ ಇಲ್ಲವೆಂದು ಬಂದರೆ, ಬೇರೆ ಲಕ್ಷಣಗಳು ಕಾಣದ ಹೊರತು ಅಲ್ಲಿಗೆ ಮುಗಿಯಿತು. ಈ ಅವಧಿ ತಪ್ಪಿದರೆ ಹದಿನೇಳು ತಿಂಗಳವರೆಗೂ ಅದೇ ಪರೀಕ್ಷೆ, ಅದರ ನಂತರ ಮೊದಲು ಪ್ರತಿಕಾಯ.

ಫಿಲಡೆಲ್ಫಿಯಾದಲ್ಲೇ ಹೀಗಾದರೆ ಹರವೆಯಲ್ಲಿ? ಚಾಮರಾಜನಗರಕ್ಕೂ ಗುಂಡ್ಲುಪೇಟೆಗೂ ನಡುವಣ ಈ ಭಾಗದಲ್ಲಿ ಚೊಚ್ಚಲ ಬಾಣಂತನ ತವರಿನಲ್ಲಿ. ತವರು ಗಡಿಯಾಚೆಯ ತಾಳವಾಡಿಯ ಕಡೆಯೂ ಇರಬಹುದು. ತಾಯಿ ಕಾರ್ಡ್ ಒಂದು ಆರೋಗ್ಯ ಕೇಂದ್ರದ್ದು, ಹೆರಿಗೆ ಇನ್ನೊಂದು ಆಸ್ಪತ್ರೆಯಲ್ಲಿ, ಮಗು ಬೆಳೆಯುವುದು ಮೂರನೆಯ ಊರಿನಲ್ಲಿ. ಮಳೆ ಕೈಕೊಟ್ಟ ವರ್ಷ ದಂಪತಿ ಕೂಸನ್ನು ಎತ್ತಿಕೊಂಡು ಕೊಡಗಿನ ಕಾಫಿ ತೋಟಕ್ಕೋ ಕೇರಳಕ್ಕೋ ಕೂಲಿಗೆ ಹೋದರೆ ಆಶಾ ಕಾರ್ಯಕರ್ತೆ ಹುಡುಕುವುದಾದರೂ ಎಲ್ಲಿ?

ಆದರೆ ಇಲ್ಲೊಂದು ಅನುಕೂಲ ಇದೆ. ಜನ ಏನನ್ನು ಮರೆತರೂ ಲಸಿಕೆಯನ್ನು ಅಷ್ಟಾಗಿ ಮರೆಯುವುದಿಲ್ಲ. ಸರ್ಕಾರಿ ಲಸಿಕೆಗಳ ದಿನ ಆರು, ಹತ್ತು ಮತ್ತು ಹದಿನಾಲ್ಕನೇ ವಾರ. ಕೊನೆಯ ಎರಡೂ ಆ ಎರಡರಿಂದ ಆರು ತಿಂಗಳ ಅವಧಿಯೊಳಗೇ ಬೀಳುತ್ತವೆ! ತಾಯಿ ತನ್ನ ವರದಿಯನ್ನು ಮಗುವಿನ ಲಸಿಕೆ ಕಾರ್ಡಿನ ಜೊತೆ ಇಟ್ಟುಕೊಂಡು, ಹದಿನಾಲ್ಕನೇ ವಾರ ವೈದ್ಯರಿಗೆ ತೋರಿಸಿ ‘ಆರ್‌ಎನ್‌ಎ ಪರೀಕ್ಷೆ ಎಲ್ಲಿ ಮಾಡಿಸಲಿ?’ ಎಂದು ಕೇಳಿದರೆ ಅರ್ಧ ಕೆಲಸ ಆದಂತೆ. ಹೆಪಟೈಟಿಸ್ ಬಿ, ಸಿ ಎರಡಕ್ಕೂ ಉಚಿತ ತಪಾಸಣೆ, ಚಿಕಿತ್ಸೆ ಕೊಡುವ ರಾಷ್ಟ್ರೀಯ ಕಾರ್ಯಕ್ರಮ 2018ರ ಜುಲೈ 28ರಂದು ಆರಂಭವಾಗಿದೆ. 2016ರಿಂದ ಚಾಮರಾಜನಗರದಲ್ಲೇ ಸರ್ಕಾರಿ ವೈದ್ಯಕೀಯ ಕಾಲೇಜಿದೆ. ಖಾಸಗಿ ಲ್ಯಾಬಿನಲ್ಲಿ ಸಾವಿರಾರು ರೂಪಾಯಿ ಸುರಿಯುವ ಮೊದಲು ಇಲ್ಲಿ ವಿಚಾರಿಸುವುದು ಲೇಸು.

ವೈರಸ್ ಇದೆಯೆಂದೇ ಬಂದರೆ? ಆಗಲೂ ಎದೆಗುಂದಬೇಕಿಲ್ಲ. ನೂರರಲ್ಲಿ 25ರಿಂದ 40 ಮಕ್ಕಳು ಮೊದಲ ಕೆಲವು ವರ್ಷಗಳಲ್ಲಿ ಔಷಧಿಯಿಲ್ಲದೆಯೇ ಅದನ್ನು ಹೊರಹಾಕುತ್ತವೆ. ಉಳಿದವರಲ್ಲೂ ಬಾಲ್ಯದಲ್ಲಿ ಪಿತ್ತಜನಕಾಂಗ ಕೆಡುವುದು ಅಪರೂಪ. ಹಿಂದೆ ತಿಂಗಳುಗಟ್ಟಲೆ ಇಂಟರ್‌ಫೆರಾನ್ ಚುಚ್ಚುಮದ್ದು ತೆಗೆದುಕೊಂಡು ಜ್ವರ, ಸುಸ್ತು ಅನುಭವಿಸಬೇಕಿತ್ತು. ಈಗ ಸೊಫೊಸ್ಬುವಿರ್, ವೆಲ್ಪಟಾಸ್ವಿರ್‌ನಂಥ ಮದ್ದನ್ನು ಹನ್ನೆರಡು ವಾರ ಬಾಯಲ್ಲಿ ಸೇವಿಸಿದರೆ ನೂರಕ್ಕೆ 95ಕ್ಕೂ ಹೆಚ್ಚು ಮಂದಿ ಗುಣವಾಗುತ್ತಾರೆ. ಮೂರು ವರ್ಷ ತುಂಬಿದ ಮಕ್ಕಳಿಗೂ ಇವನ್ನು ಕೊಡಬಹುದೆಂದು ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಹೇಳಿದೆ. ಪ್ರಮಾಣವನ್ನು ಮಗುವಿನ ತೂಕ ನೋಡಿ ತಜ್ಞರೇ ನಿರ್ಧರಿಸಬೇಕು. ಹೆಪಟೈಟಿಸ್ ಬಿಗೆ ಹುಟ್ಟಿದ 24 ಗಂಟೆಯೊಳಗೆ ಕೊಡುವ ಲಸಿಕೆಯಿದೆ, ಸಿಗೆ ಲಸಿಕೆ ಇಲ್ಲ.

ಎದೆಹಾಲಿನ ವಿಷಯ ಒತ್ತಿ ಹೇಳಬೇಕು. ಎದೆಹಾಲಿನಿಂದ ಹೆಪಟೈಟಿಸ್ ಸಿ ಹರಡುವುದಿಲ್ಲ. ತೊಟ್ಟು ಒಡೆದು ರಕ್ತ ಬರುತ್ತಿದ್ದರೆ ಮಾತ್ರ ವಾಸಿಯಾಗುವವರೆಗೆ ಆ ಹಾಲನ್ನು ಚೆಲ್ಲಬೇಕು. ಈ ಸೋಂಕಿನ ಒಂದೇ ಕಾರಣಕ್ಕೆ ಸಿಸೇರಿಯನ್ನೂ ಬೇಕಿಲ್ಲ. ಒಂದೇ ತಟ್ಟೆಯಲ್ಲಿ ಉಂಡರೆ, ಮುದ್ದು ಮಾಡಿದರೆ, ಶಾಲೆಯಲ್ಲಿ ಪಕ್ಕದಲ್ಲಿ ಕೂತರೆ ಇದು ಅಂಟುವುದಿಲ್ಲ. ಬ್ಲೇಡು, ಹಲ್ಲುಜ್ಜುವ ಬ್ರಷ್ಷು ಮಾತ್ರ ಪ್ರತ್ಯೇಕವಾಗಿರಲಿ.

ಗರ್ಭಿಣಿಯಾಗಿದ್ದಾಗ ಈ ಮಾತ್ರೆಗಳನ್ನು ಸಾಮಾನ್ಯವಾಗಿ ಕೊಡುವುದಿಲ್ಲ. ಆದ್ದರಿಂದ ಬಾಣಂತನ ಮುಗಿಸಿದ ತಾಯಿ ಮುಂದಿನ ಬಸುರಿಗೆ ಮೊದಲೇ ತನ್ನ ಚಿಕಿತ್ಸೆ ಮುಗಿಸಿಕೊಂಡರೆ ಹುಟ್ಟಲಿರುವ ಮಗುವಿಗೆ ಈ ಪರೀಕ್ಷೆಯ ಪ್ರಮೇಯವೇ ಬಾರದಿರಬಹುದು. ಇನ್ನು ಮನೆಯಲ್ಲಿ ಆಗಲೇ ಶಾಲೆಗೆ ಹೋಗುತ್ತಿರುವ ಅಕ್ಕನೋ ಅಣ್ಣನೋ ಇದ್ದರೆ, ಅವರು ಹುಟ್ಟುವಾಗ ತಾಯಿಗೆ ಸೋಂಕಿತ್ತೋ ಇಲ್ಲವೋ ಹೇಳಲಾಗದು. ಅವರಿಗೂ ಒಂದು ಸಾಮಾನ್ಯ ಪ್ರತಿಕಾಯ ಪರೀಕ್ಷೆ ಮಾಡಿಸಬೇಕು. ಆ ವಯಸ್ಸಿನಲ್ಲಿ ಚೀಟಿ ತೋರಿಸುವುದು ಮಗುವಿನ ಗುರುತನ್ನೇ.