ಆಟದ ಅಂಗಳದಲ್ಲೊಂದು ಇತಿಹಾಸ: ೧೯೫೪–೫೫ರ ಐಸ್ ಹಾಕಿ ಋತುವೂ ಮಾಂಟ್ರಿಯಲ್ ದೊಂಬಿಯೂ

ಗೆಲುವು ಸೋಲುಗಳ ಪಟ್ಟಿಯನ್ನು ದಿನಪತ್ರಿಕೆಗಳಿಗೆ ಬಿಟ್ಟು, ರಾಜ್ಯ, ಅರ್ಥ, ಧರ್ಮಗಳ ಕಡೆಗೆ ತಿರುಗುವುದು ಇತಿಹಾಸಕಾರನ ವಾಡಿಕೆ. ಆದರೆ ಒಂದು ಜನಸಮುದಾಯದ ಮನಸ್ಸು ಶಾಸನಸಭೆಯಲ್ಲಿ ಪ್ರಕಟವಾಗುವುದಕ್ಕೆ ಮೊದಲೇ ಆಟದ ಅಂಗಳದಲ್ಲಿ ಪ್ರಕಟವಾಗುವುದುಂಟೆ? ಹಾಗೆ ಪ್ರಕಟವಾದರೆ ಅದನ್ನು ಮುಂದಿನ ರಾಜಕೀಯ ಪರಿವರ್ತನೆಗೆ ಕಾರಣವೆನ್ನಬಹುದೆ, ಅಥವಾ ಬರಿಯ ಲಕ್ಷಣವೆನ್ನಬೇಕೆ? ಉತ್ತರ ಅಮೆರಿಕದ ನ್ಯಾಷನಲ್ ಹಾಕಿ ಲೀಗಿನ ೧೯೫೪–೫೫ರ ಋತುವನ್ನು ಆಧಾರವಾಗಿಟ್ಟುಕೊಂಡು ಈ ಪ್ರಶ್ನೆಗಳನ್ನು ಪರಿಶೀಲಿಸುವುದೇ ಪ್ರಸ್ತುತ ಲೇಖನದ ಉದ್ದೇಶ.

ನಮಗೆ ಪರಿಚಿತವಾದ ಹಾಕಿಗೂ ಐಸ್ ಹಾಕಿಗೂ ಹೆಸರಿನ ಮತ್ತು ಕೋಲಿನ ಸಾಮ್ಯವಿದೆಯೇ ಹೊರತು ಹೆಚ್ಚಿನದಿಲ್ಲ. ಹೆಪ್ಪುಗಟ್ಟಿದ ನೀರಿನ ಅಂಗಳದ ಮೇಲೆ, ಉಕ್ಕಿನ ಅಲಗುಳ್ಳ ಪಾದರಕ್ಷೆಗಳನ್ನು ತೊಟ್ಟು, ಪಕ್ಷಕ್ಕೆ ಆರು ಮಂದಿಯಂತೆ ಆಡುವ ಆಟವಿದು. ಚೆಂಡಿಗೆ ಬದಲಾಗಿ ರಬ್ಬರಿನ ಚಪ್ಪಟೆ ಬಿಲ್ಲೆಯಿರುತ್ತದೆ. ಎದುರಾಳಿಯನ್ನು ಮೈಯಿಂದ ತಳ್ಳಿ ತಡೆಯುವುದಕ್ಕೆ ಇದರಲ್ಲಿ ಅವಕಾಶವಿದ್ದುದರಿಂದ ಹೊಡೆದಾಟಗಳು ಅಪರೂಪವಾಗಿರಲಿಲ್ಲ. ಆಗ ಲೀಗಿನಲ್ಲಿದ್ದುದು ಆರೇ ತಂಡಗಳು: ಕೆನಡಾದ ಮಾಂಟ್ರಿಯಲ್ ಮತ್ತು ಟೊರಾಂಟೊ, ಸಂಯುಕ್ತ ಸಂಸ್ಥಾನಗಳ ಡಿಟ್ರಾಯಿಟ್, ಬಾಸ್ಟನ್, ಷಿಕಾಗೊ ಮತ್ತು ನ್ಯೂಯಾರ್ಕ್. ಪ್ರತಿಯೊಂದು ತಂಡವೂ ೭೦ ಪಂದ್ಯಗಳನ್ನಾಡುತ್ತಿತ್ತು. ಗೆಲುವಿಗೆ ೨ ಅಂಕ, ಸಮಬಲಕ್ಕೆ ೧ ಅಂಕ. ಮೊದಲ ನಾಲ್ಕು ತಂಡಗಳು ಸ್ಟ್ಯಾನ್ಲಿ ಕಪ್ಪಿಗಾಗಿ ಮತ್ತೆ ಸೆಣಸುತ್ತಿದ್ದವು.

ಮಾಂಟ್ರಿಯಲ್ ನಗರವು ಕ್ವಿಬೆಕ್ ಪ್ರಾಂತಕ್ಕೆ ಸೇರಿದುದು. ೧೭೬೩ರ ಪ್ಯಾರಿಸ್ ಒಪ್ಪಂದವು ಪಾಂಡಿಚೇರಿಯನ್ನು ಫ್ರೆಂಚರಿಗೆ ಹಿಂದಿರುಗಿಸಿತೆಂಬುದು ನಮ್ಮ ವಿದ್ಯಾರ್ಥಿಗಳಿಗೆ ತಿಳಿದ ವಿಷಯ; ಅದೇ ಒಪ್ಪಂದದಿಂದ ಕೆನಡಾ ಬ್ರಿಟಿಷರ ವಶವಾಯಿತು. ಅಲ್ಲಿಯೇ ನೆಲೆನಿಂತಿದ್ದ ಫ್ರೆಂಚ್ ಪ್ರಜೆಗಳು ತಮ್ಮ ಭಾಷೆಯನ್ನೂ ಕ್ಯಾಥೊಲಿಕ್ ಮತವನ್ನೂ ಬಿಡದೆ ಉಳಿಸಿಕೊಂಡು ಬಂದರು. ಆದರೆ ಇಪ್ಪತ್ತನೆಯ ಶತಮಾನದ ಮಧ್ಯಭಾಗದಲ್ಲಿಯೂ ಮಾಂಟ್ರಿಯಲಿನ ದೊಡ್ಡ ವಾಣಿಜ್ಯ ಸಂಸ್ಥೆಗಳ ಆಡಳಿತವು ಬಹುಮಟ್ಟಿಗೆ ಇಂಗ್ಲಿಷ್ ಭಾಷಿಕರ ಕೈಯಲ್ಲಿತ್ತು. ತಮ್ಮ ಪ್ರಾಂತದಲ್ಲಿ ಬಹುಸಂಖ್ಯಾತರಾಗಿದ್ದರೂ ಫ್ರೆಂಚ್ ಮೂಲದವರ ಸರಾಸರಿ ಆದಾಯವು ಬ್ರಿಟಿಷ್ ಮೂಲದವರ ಆದಾಯಕ್ಕಿಂತ ಬಹಳ ಕಡಿಮೆಯಾಗಿತ್ತು.

ಇಂತಹ ಜನಕ್ಕೆ ಮೋರಿಸ್ ರಿಷಾರ್ ಎಂಬ ಆಟಗಾರನು ವೀರಪುರುಷನಾಗಿದ್ದನು. ೧೯೨೧ರಲ್ಲಿ ಮಾಂಟ್ರಿಯಲಿನ ಕಾರ್ಮಿಕ ಕುಟುಂಬವೊಂದರಲ್ಲಿ ಹುಟ್ಟಿದ ಆತನು ೧೯೪೪–೪೫ರ ಋತುವಿನಲ್ಲಿ ೫೦ ಪಂದ್ಯಗಳಲ್ಲಿ ೫೦ ಗೋಲುಗಳನ್ನು ಹೊಡೆದು ಪ್ರಸಿದ್ಧನಾಗಿದ್ದನು. ಲೀಗಿನ ಅಧ್ಯಕ್ಷನಾದ ಕ್ಲಾರೆನ್ಸ್ ಕ್ಯಾಂಬೆಲ್ ಇಂಗ್ಲಿಷ್ ಭಾಷಿಕ, ನ್ಯಾಯವಾದಿ, ರೋಡ್ಸ್ ವಿದ್ಯಾರ್ಥಿವೇತನ ಪಡೆದು ಆಕ್ಸ್‌ಫರ್ಡಿನಲ್ಲಿ ಓದಿದವನು. ೧೯೫೪ರ ಜನವರಿಯಲ್ಲಿ ಫ್ರೆಂಚ್ ಪತ್ರಿಕೆಯೊಂದರ ತನ್ನ ಅಂಕಣದಲ್ಲಿ ರಿಷಾರನು ಕ್ಯಾಂಬೆಲನನ್ನು ಸರ್ವಾಧಿಕಾರಿಯೆಂದು ಕರೆದು, ಅನಂತರ ಕ್ಷಮೆ ಕೇಳಬೇಕಾಗಿ ಬಂದಿತ್ತು. ಹೀಗೆ ಇಬ್ಬರ ನಡುವಣ ವೈಮನಸ್ಯವು ಮೊದಲೇ ಬೇರೂರಿದ್ದಿತು.

೧೯೫೫ರ ಮಾರ್ಚ್ ೧೩ರಂದು ಬಾಸ್ಟನ್ನಿನಲ್ಲಿ ನಡೆದ ಪಂದ್ಯದಲ್ಲಿ ಹಾಲ್ ಲೇಕೋ ಎಂಬ ಎದುರಾಳಿಯ ಕೋಲು ರಿಷಾರನ ತಲೆಗೆ ತಗುಲಿ ಗಾಯವಾಯಿತು. ಕೋಪಗೊಂಡ ರಿಷಾರನು ಲೇಕೋವನ್ನು ಕೋಲಿನಿಂದ ಹೊಡೆದನು. ತಡೆಯಲು ಬಂದ ಪಂದ್ಯಾಧಿಕಾರಿ ಕ್ಲಿಫ್ ಥಾಂಪ್ಸನನ ಮುಖಕ್ಕೆ ಗುದ್ದಿದನು. ಹಿಂದಿನ ಡಿಸೆಂಬರಿನಲ್ಲಿಯೂ ಅಧಿಕಾರಿಯೊಬ್ಬನ ಮೇಲೆ ಆತನು ಕೈಮಾಡಿದ್ದುದು ದಾಖಲೆಯಲ್ಲಿತ್ತು. ವಿಚಾರಣೆಯ ತರುವಾಯ ಮಾರ್ಚ್ ೧೬ರಂದು ಕ್ಯಾಂಬೆಲನು ತೀರ್ಪಿತ್ತನು: ಉಳಿದಿದ್ದ ಮೂರು ಪಂದ್ಯಗಳಲ್ಲಿ ಮಾತ್ರವಲ್ಲದೆ ಸ್ಟ್ಯಾನ್ಲಿ ಕಪ್ ಪಂದ್ಯಗಳಲ್ಲಿಯೂ ರಿಷಾರನು ಆಡಕೂಡದು.

ಮರುದಿನ ಸಂಜೆ ಮಾಂಟ್ರಿಯಲಿನ ಫೋರಂ ಕ್ರೀಡಾಗೃಹದಲ್ಲಿ ಡಿಟ್ರಾಯಿಟಿನೊಡನೆ ಪಂದ್ಯ. ಕ್ಯಾಂಬೆಲನು ಪಂದ್ಯಕ್ಕೆ ಬಂದು ತನ್ನ ಆಸನದಲ್ಲಿ ಕುಳಿತೊಡನೆ ಪ್ರೇಕ್ಷಕರು ಕೈಗೆ ಸಿಕ್ಕಿದುದನ್ನೆಲ್ಲ ಅವನ ಮೇಲೆ ಎಸೆದರು. ಮೊದಲ ಅವಧಿ ಮುಗಿದಾಗ ಅಶ್ರುವಾಯುವಿನ ಗುಂಡೊಂದು ಸಿಡಿಯಿತು; ಕ್ರೀಡಾಗೃಹವನ್ನು ತೆರವು ಮಾಡಬೇಕಾಯಿತು. ಆಗ ೪–೧ ಗೋಲುಗಳಿಂದ ಮುಂದಿದ್ದ ಡಿಟ್ರಾಯಿಟಿಗೆ ಗೆಲುವನ್ನು ಬಿಟ್ಟುಕೊಡಲಾಯಿತು. ಹೊರಗೆ ಸೇಂಟ್ ಕ್ಯಾಥರೀನ್ ಬೀದಿಯುದ್ದಕ್ಕೂ ಅಂಗಡಿಗಳ ಗಾಜುಗಳು ಒಡೆದುವು. ೩೭ ಮಂದಿ ಗಾಯಗೊಂಡರು. ಸುಮಾರು ಒಂದು ಲಕ್ಷ ಡಾಲರುಗಳ ನಷ್ಟವಾಯಿತೆಂದು ಅಂದಾಜು ಮಾಡಲಾಯಿತು. ಮಾರ್ಚ್ ೧೮ರಂದು ರಿಷಾರನು ಆಕಾಶವಾಣಿಯ ಮೂಲಕ ಶಿಕ್ಷೆಯನ್ನು ತಾನು ಒಪ್ಪಿರುವುದಾಗಿಯೂ ಜನರು ಶಾಂತರಾಗಬೇಕೆಂದೂ ಕೇಳಿಕೊಂಡನು. ಗಲಭೆ ಮರುಕಳಿಸಲಿಲ್ಲ.

ಕ್ರೀಡೆಯ ದೃಷ್ಟಿಯಿಂದ ಆ ಸಂಜೆಯ ಬೆಲೆ ಅಲ್ಪವಾಗಿರಲಿಲ್ಲ. ಋತುವಿನ ಕೊನೆಗೆ ಡಿಟ್ರಾಯಿಟ್ ೯೫ ಅಂಕಗಳಿಂದ ಮೊದಲನೆಯದಾಯಿತು. ಮಾಂಟ್ರಿಯಲ್ ಗಳಿಸಿದುದು ೯೩. ಮೊದಲ ಸ್ಥಾನದ ಫಲವಾಗಿ ಅಂತಿಮ ಸರಣಿಯ ಏಳು ಪಂದ್ಯಗಳಲ್ಲಿ ನಾಲ್ಕು ಡಿಟ್ರಾಯಿಟಿನಲ್ಲಿ ನಡೆಯಬೇಕಾಯಿತು. ಆ ಸರಣಿಯ ಪ್ರತಿಯೊಂದು ಪಂದ್ಯವನ್ನೂ ತವರಿನ ತಂಡವೇ ಗೆದ್ದಿತು. ಏಪ್ರಿಲ್ ೧೪ರ ಏಳನೆಯ ಪಂದ್ಯವನ್ನು ಡಿಟ್ರಾಯಿಟ್ ೩–೧ರಿಂದ ಗೆದ್ದು ಕಪ್ಪನ್ನು ಪಡೆಯಿತು. ವೈಯಕ್ತಿಕ ಅಂಕಗಳಲ್ಲಿ ೭೪ರೊಡನೆ ಮುಂದಿದ್ದ ರಿಷಾರನನ್ನು ಸ್ವಂತ ತಂಡದ ಬರ್ನಾರ್ ಜೆಫ್ರಿಯಾನನೇ ೭೫ ಅಂಕಗಳಿಂದ ಹಿಂದೆ ಹಾಕಿದನು. ಜೆಫ್ರಿಯಾನನೂ ಫ್ರೆಂಚ್ ಭಾಷಿಕನೇ. ಆದರೂ ಮಾಂಟ್ರಿಯಲಿನ ಪ್ರೇಕ್ಷಕರು ಅವನನ್ನು ಮೂದಲಿಸಿದರು. ಜನರ ರೋಷವನ್ನೆಲ್ಲ ಭಾಷಾಭಿಮಾನವೊಂದರಿಂದಲೇ ವಿವರಿಸಲಾಗದೆಂಬುದಕ್ಕೆ ಈ ಸಣ್ಣ ಸಂಗತಿಯೇ ಸಾಕ್ಷಿ.

ಮುಂದೆ ೧೯೬೦ರ ಚುನಾವಣೆಯಲ್ಲಿ ಜಾಂ ಲೆಸಾಜನ ಲಿಬರಲ್ ಪಕ್ಷವು ಅಧಿಕಾರಕ್ಕೆ ಬಂದು, ವಿದ್ಯಾಭ್ಯಾಸವನ್ನು ಚರ್ಚಿನ ಹಿಡಿತದಿಂದ ಸರಕಾರದ ಕಡೆಗೆ ತಂದಿತು. ವಿದ್ಯುತ್ ಉದ್ಯಮವನ್ನು ರಾಷ್ಟ್ರೀಕರಿಸಿತು. ‘ಮೌನಕ್ರಾಂತಿ’ ಎಂದು ಹೆಸರಾದ ಈ ಪರಿವರ್ತನೆಗೆ ೧೯೫೫ರ ದೊಂಬಿಯೇ ನಾಂದಿಯೆಂದು ಅನೇಕರು ಬರೆದಿದ್ದಾರೆ. ಈ ಮಾತನ್ನು ಎಷ್ಟರಮಟ್ಟಿಗೆ ಒಪ್ಪಬಹುದು?

ಇದು ತರುವಾಯದ ಕಲ್ಪನೆಯೆಂದು ತಳ್ಳಿಹಾಕುವಂತಿಲ್ಲ. ದೊಂಬಿ ನಡೆದ ನಾಲ್ಕೇ ದಿನಗಳಲ್ಲಿ ಆಂದ್ರೆ ಲೋರಾಂದೋ ಎಂಬ ಪತ್ರಕರ್ತನು ‘ಲ ದವ್ವಾರ್’ ಪತ್ರಿಕೆಯಲ್ಲಿ, ಫ್ರೆಂಚ್ ಕೆನಡಿಯನರ ರಾಷ್ಟ್ರಾಭಿಮಾನವು ಹಾಕಿಯಲ್ಲಿ ಆಶ್ರಯ ಪಡೆದಂತಿದೆಯೆಂಬ ಅಭಿಪ್ರಾಯವನ್ನು ಪ್ರಕಟಿಸಿದ್ದನು. ಆದರೆ ವಿರುದ್ಧ ಸಾಕ್ಷ್ಯಗಳೂ ಇವೆ. ೧೯೪೯ರ ಆಸ್‌ಬೆಸ್ಟೋಸ್ ಗಣಿಕಾರ್ಮಿಕರ ಮುಷ್ಕರದಲ್ಲಿಯೇ ಅಸಮಾಧಾನವು ತಲೆದೋರಿತ್ತು. ದೊಂಬಿಯ ಮರುವರ್ಷ, ೧೯೫೬ರ ಚುನಾವಣೆಯಲ್ಲಿ, ಸಂಪ್ರದಾಯನಿಷ್ಠನಾದ ಮೋರಿಸ್ ಡುಪ್ಲೆಸಿಯ ಪಕ್ಷವೇ ೯೩ ಸ್ಥಾನಗಳಲ್ಲಿ ೭೨ನ್ನು ಗೆದ್ದಿತು. ಬೀದಿಯಲ್ಲಿ ಕಂಡ ರೋಷವು ಮತಪೆಟ್ಟಿಗೆಯಲ್ಲಿ ಕಾಣಲಿಲ್ಲ. ೧೯೫೯ರಲ್ಲಿ ಡುಪ್ಲೆಸಿ ತೀರಿಕೊಂಡ ಬಳಿಕವೇ ಹಾದಿ ತೆರೆಯಿತು.

ಆದುದರಿಂದ ದೊಂಬಿಯನ್ನು ಕ್ರಾಂತಿಯ ಕಾರಣವೆನ್ನುವುದಕ್ಕಿಂತ, ಮೊದಲೇ ಇದ್ದ ಅಸಮಾಧಾನದ ಲಕ್ಷಣವೆನ್ನುವುದು ಯುಕ್ತ. ಆದರೆ ಲಕ್ಷಣವೂ ನಿಷ್ಫಲವಲ್ಲ. ಜ್ವರವು ರೋಗಕ್ಕೆ ಕಾರಣವಲ್ಲವಾದರೂ ರೋಗವಿದೆಯೆಂಬುದನ್ನು ರೋಗಿಗೆ ಮೊದಲು ತಿಳಿಸುವುದು ಅದೇ. ಮೇಲಾಗಿ, ಆ ರಾತ್ರಿಯ ನೆನಪು ಮುಂದಿನ ತಲೆಮಾರಿಗೆ ತನ್ನ ಕಥೆಯನ್ನು ಹೇಳಿಕೊಳ್ಳುವುದಕ್ಕೆ ಒಂದು ಆರಂಭವನ್ನು ಒದಗಿಸಿತು. ೨೦೦೦ದಲ್ಲಿ ರಿಷಾರನು ನಿಧನನಾದಾಗ ಕ್ವಿಬೆಕ್ ಸರಕಾರವು ಆತನ ಅಂತ್ಯಕ್ರಿಯೆಯನ್ನು ರಾಜಮರ್ಯಾದೆಯೊಡನೆ ನೆರವೇರಿಸಿತು. ಘಟನೆಯ ಪರಿಣಾಮ ಬೇರೆ, ಘಟನೆಯ ನೆನಪಿನ ಪರಿಣಾಮ ಬೇರೆ. ಇವೆರಡನ್ನೂ ಬೇರ್ಪಡಿಸಿ ತೂಗುವ ಅಭ್ಯಾಸವನ್ನು ನಮ್ಮ ವಿದ್ಯಾರ್ಥಿಗಳಿಗೆ ಕಲಿಸುವುದಕ್ಕೆ ಈ ಒಂದು ಋತುವಿನ ಕಥೆ ಉತ್ತಮ ಪಾಠವಾಗಬಲ್ಲುದು.