ಸಣ್ಣ ದೋಣಿಗೆ ಆಳ ಅಳೆಯುವ ಯಂತ್ರ: ಯಾವುದನ್ನು ಕೊಳ್ಳಬೇಕು, ಎಲ್ಲಿ ಕೂರಿಸಬೇಕು?

ಮಳೆಗಾಲ ಮುಗಿದ ಮೇಲೆ ನಮ್ಮ ಕರಾವಳಿಯ ನದಿಗಳು ಹಳೆಯ ದಾರಿಯಲ್ಲೇ ಇರುವುದಿಲ್ಲ. ಕಳೆದ ವರ್ಷ ದೋಣಿ ಸಲೀಸಾಗಿ ಸಾಗಿದ ಜಾಗದಲ್ಲಿ ಈ ವರ್ಷ ಮರಳಿನ ದಿಬ್ಬ ಎದ್ದಿರುತ್ತದೆ. ಗಂಗೊಳ್ಳಿಯಲ್ಲಿ ಪಂಚಗಂಗಾವಳಿ ಸಮುದ್ರ ಸೇರುವಲ್ಲಿ, ಕೋಡಿಬೆಂಗ್ರೆಯ ಸೀತಾ-ಸ್ವರ್ಣಾ ಅಳಿವೆಯಲ್ಲಿ, ಮಂಗಳೂರಿನ ಬೆಂಗ್ರೆಯ ಬಳಿ ನೇತ್ರಾವತಿ ಮತ್ತು ಫಲ್ಗುಣಿ ನದಿಗಳು ಕಡಲಿಗೆ ಇಳಿಯುವಲ್ಲಿ ದೋಣಿ ನಡೆಸುವವರಿಗೆ ಇದು ಹೊಸ ಮಾತಲ್ಲ.

ಇತ್ತೀಚೆಗೆ ನಾವು ಒಂದು ಕುದ್ರುವಿನ ಮನೆಗಳನ್ನು ಭೇಟಿ ಮಾಡಲು ಹೋಗಿದ್ದೆವು. ಅಲ್ಲಿನ ವಾಳೆಯವರು ಹಣ ಕೂಡಿಸಿ ಕೊಂಡ 14 ಅಡಿಯ ಅಲ್ಯೂಮಿನಿಯಂ ದೋಣಿ ಅದು. ಅದಕ್ಕೆ ಹೊಸದಾಗಿ ಆಳ ತೋರಿಸುವ ಯಂತ್ರವನ್ನೂ ಜೋಡಿಸಿದ್ದರು. ಪರದೆಯಲ್ಲಿ 2.1 ಮೀಟರ್ ಎಂದು ಕಾಣುತ್ತಿದ್ದಾಗಲೇ ಎಂಜಿನ್ನಿನ ಫ್ಯಾನು ಮರಳಿಗೆ ತಾಗಿ ದೋಣಿ ಗಕ್ಕನೆ ನಿಂತಿತು. ದೋಣಿಯಲ್ಲಿ ಇಬ್ಬರು ವೃದ್ಧರು, ಮೂವರು ಶಾಲಾ ಮಕ್ಕಳಿದ್ದರು. ದೇವರ ದಯೆಯಿಂದ ಯಾರಿಗೂ ಏನೂ ಆಗಲಿಲ್ಲ. "ಫಾದರ್, ಮಿಶಿನ್ ಸುಳ್ಳು ಹೇಳ್ತದೆ" ಎಂದರು ದೋಣಿ ನಡೆಸುತ್ತಿದ್ದವರು. ಆದರೆ ಯಂತ್ರ ಸುಳ್ಳು ಹೇಳಿರಲಿಲ್ಲ. ಆ ಅಂಕಿ ಮಿಣುಕುತ್ತಿತ್ತು. ಹಲವು ಯಂತ್ರಗಳಲ್ಲಿ ಅಂಕಿ ಮಿಣುಕಿದರೆ, 'ನನಗೀಗ ತಳ ಸಿಗುತ್ತಿಲ್ಲ, ಇದು ಕೊನೆಯ ಬಾರಿ ಸಿಕ್ಕಿದ ಅಳತೆ' ಎಂದು ಅರ್ಥ. ಅದು ದೋಣಿಯಲ್ಲಿದ್ದ ಯಾರಿಗೂ ಗೊತ್ತಿರಲಿಲ್ಲ. ಈ ಕಾರಣದಿಂದ ಬಲ್ಲವರಲ್ಲಿ ಕೇಳಿ, ಕೈಪಿಡಿಗಳನ್ನು ಓದಿ ತಿಳಿದುಕೊಂಡ ವಿಷಯಗಳನ್ನು ಓದುಗರ ಮುಂದಿಡುತ್ತಿದ್ದೇವೆ.

ಯಂತ್ರ ಕೆಲಸ ಮಾಡುವ ಬಗೆ

ನಮ್ಮ ಹಿರಿಯರು ಹಗ್ಗಕ್ಕೆ ಭಾರ ಕಟ್ಟಿ ನೀರಿಗೆ ಬಿಟ್ಟು, ಆಳವನ್ನು ಮಾರುಗಳಲ್ಲಿ ಎಣಿಸುತ್ತಿದ್ದರು. ಒಂದು ಮಾರು ಎಂದರೆ ಸುಮಾರು 6 ಅಡಿ. 1912ರಲ್ಲಿ ಟೈಟಾನಿಕ್ ಹಡಗು ಮುಳುಗಿದ ಬಳಿಕ ನೀರಿನೊಳಗೆ ಶಬ್ದ ಕಳುಹಿಸಿ ಅಡೆತಡೆಗಳನ್ನು ಗುರುತಿಸುವ ಪ್ರಯತ್ನಗಳು ಚುರುಕಾದವು. ಜರ್ಮನಿಯ ಅಲೆಕ್ಸಾಂಡರ್ ಬೆಹ್ಮ್ ಅವರು 1913ರಲ್ಲಿ ಪ್ರತಿಧ್ವನಿಯಿಂದ ಆಳ ಅಳೆಯುವ ವಿಧಾನಕ್ಕೆ ಪೇಟೆಂಟ್ ಪಡೆದರು. ಜಪಾನಿನ ಫುರುನೊ ಸಹೋದರರು 1948ರಲ್ಲಿ ಇದೇ ತತ್ತ್ವದ ಮೀನು ಪತ್ತೆಯ ಯಂತ್ರವನ್ನು ಮಾರುಕಟ್ಟೆಗೆ ತಂದರು. ಇಂದು ನಾವು ಫಿಶ್ ಫೈಂಡರ್ ಎನ್ನುವುದು ಅದರ ಸಂತತಿಯೇ.

ದೋಣಿಯ ಹಿಂಭಾಗದಲ್ಲಿ ನೀರಿಗೆ ತಾಗಿಕೊಂಡಿರುವ ಸಣ್ಣ ಪ್ಲಾಸ್ಟಿಕ್ ಗುಬುಟನ್ನು ಟ್ರಾನ್ಸ್‌ಡ್ಯೂಸರ್ ಎನ್ನುತ್ತಾರೆ. ಇದು ಕೆಳಮುಖವಾಗಿ ಶಬ್ದ ಕಳುಹಿಸಿ, ತಳಕ್ಕೆ ತಾಗಿ ಬಂದ ಪ್ರತಿಧ್ವನಿಯನ್ನು ಕೇಳಿಸಿಕೊಳ್ಳುತ್ತದೆ. ಸಮುದ್ರದ ನೀರಿನಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 1500 ಮೀಟರ್. ಹೋಗಿ ಬರುವ ಸಮಯದಿಂದ ಯಂತ್ರ ಆಳವನ್ನು ಲೆಕ್ಕ ಹಾಕುತ್ತದೆ. ಶಬ್ದದ ದಾರಿಯಲ್ಲಿ ಗಾಳಿಯ ಗುಳ್ಳೆಗಳು ಬಂದರೆ ಪ್ರತಿಧ್ವನಿ ಚದುರಿಹೋಗುತ್ತದೆ. ಹೀಗಾಗಿ ಜೋಡಣೆಯ ಕೆಲಸವೆಂದರೆ ಹೆಚ್ಚಾಗಿ ಗುಳ್ಳೆಗಳಿಂದ ತಪ್ಪಿಸಿಕೊಳ್ಳುವ ಕೆಲಸವೇ.

ಕೊಳ್ಳುವಾಗ ಗಮನಿಸಬೇಕಾದದ್ದು

ನದಿ, ಹಿನ್ನೀರು ಮತ್ತು ದಡದ ಸಮೀಪದ ಕಡಲಿಗೆ 200 ಕಿಲೋಹರ್ಟ್ಸ್ ಆವರ್ತನದ ಯಂತ್ರ ಸಾಕು. ಕಡಿಮೆ ಆಳದಲ್ಲಿ ಇದು ಸ್ಪಷ್ಟವಾಗಿ ತೋರಿಸುತ್ತದೆ. 50 ಕಿಲೋಹರ್ಟ್ಸ್ ಇರುವುದು ನೂರಾರು ಮೀಟರ್ ಆಳದ ಕಡಲಿಗೆ. ಸಣ್ಣ ದೋಣಿಗೆ ಅದರ ಅಗತ್ಯವಿಲ್ಲ. ಬಣ್ಣದ ದೊಡ್ಡ ಪರದೆಗಿಂತಲೂ ಬಿಸಿಲಿನಲ್ಲಿ ಓದಲು ಬರುವ, ನೀರು ತಾಗಿದರೆ ಕೆಡದ ಪರದೆ ಮುಖ್ಯ. ಕಡಿಮೆ ಆಳಕ್ಕೆ ಎಚ್ಚರಿಕೆಯ ಗಂಟೆ ಇರಲಿ. ಜಿಪಿಎಸ್ ಕೂಡಿದ ಮಾದರಿಗೆ ಹಣ ಹೊಂದಿದರೆ ಕೊಳ್ಳಿರಿ. ಕಾರಣವನ್ನು ಮುಂದೆ ಹೇಳಲಿದ್ದೇವೆ.

ಅಲ್ಯೂಮಿನಿಯಂ ದೋಣಿಗೆ ಪ್ಲಾಸ್ಟಿಕ್ ಕವಚದ ಟ್ರಾನ್ಸ್‌ಡ್ಯೂಸರನ್ನೇ ಕೇಳಿ ಪಡೆಯಬೇಕು. ಕಂಚಿನದ್ದು ಬೇಡ. ಉಪ್ಪು ನೀರಿನಲ್ಲಿ ಎರಡು ಬೇರೆ ಬೇರೆ ಲೋಹಗಳು ಕೂಡಿದರೆ ಬ್ಯಾಟರಿಯಂತೆ ವಿದ್ಯುತ್ ಹರಿಯುತ್ತದೆ. ಕಂಚಿನ ಜೊತೆ ಸೇರಿದಾಗ ಸವೆದುಹೋಗುವುದು ಅಲ್ಯೂಮಿನಿಯಂ. ಇದೇ ಕಾರಣಕ್ಕೆ ತಾಮ್ರದ ಅಂಶವಿರುವ ಬಣ್ಣವನ್ನಾಗಲಿ, ತಾಮ್ರದ ದ್ರಾವಣದಲ್ಲಿ ನೆನೆಸಿದ ಮರವನ್ನಾಗಲಿ ಈ ದೋಣಿಗಳಿಗೆ ಬಳಸಬಾರದು.

ಎಲ್ಲಿ ಕೂರಿಸಬೇಕು?

ಫೈಬರ್ ದೋಣಿಯ ತಳ ಗಟ್ಟಿ ಫೈಬರಿನದ್ದಾಗಿದ್ದರೆ ಟ್ರಾನ್ಸ್‌ಡ್ಯೂಸರನ್ನು ಒಳಗಿನಿಂದಲೇ ಅಂಟಿಸುವ ಕ್ರಮವಿದೆ. ಮರ ಮತ್ತು ಅಲ್ಯೂಮಿನಿಯಂ ದೋಣಿಗಳಿಗೆ ಈ ಕ್ರಮ ಹೊಂದುವುದಿಲ್ಲ. ಇವುಗಳಿಗೆ ದೋಣಿಯ ಹಿಂಬದಿಯ ಗೋಡೆಯ ಹೊರಮೈಯೇ ಸರಿಯಾದ ಸ್ಥಳ.

ಮೊದಲು ದೋಣಿಯನ್ನು ದಡದಲ್ಲಿ ಎತ್ತಿ ನಿಲ್ಲಿಸಿ ತಳವನ್ನು ನೋಡಿರಿ. ರಿವೆಟ್‌ಗಳ ಸಾಲು, ಉದ್ದಕ್ಕೆ ಉಬ್ಬಿದ ಪಟ್ಟಿಗಳು, ನೀರು ಬಿಡುವ ತೂತು ಎಲ್ಲಿವೆ ಎಂದು ಗುರುತಿಸಿರಿ. ದೋಣಿ ಓಡುವಾಗ ಇವುಗಳ ಹಿಂದೆ ಗುಳ್ಳೆಗಳ ಗೆರೆ ಏಳುತ್ತದೆ. ಅವುಗಳಿಲ್ಲದ, ನೀರು ನುಣುಪಾಗಿ ಹರಿದು ಬರುವ ಜಾಗವನ್ನು ಆರಿಸಬೇಕು. ಎಂಜಿನ್ನಿನ ಫ್ಯಾನಿನಿಂದ ಕನಿಷ್ಠ 15 ಇಂಚು ದೂರವಿರಲಿ. ಸಾಮಾನ್ಯ ಔಟ್‌ಬೋರ್ಡ್ ಎಂಜಿನ್ ಮುಂದಕ್ಕೆ ಓಡುವಾಗ, ಹಿಂದಿನಿಂದ ನೋಡಿದರೆ ಫ್ಯಾನು ಗಡಿಯಾರದ ಮುಳ್ಳಿನ ದಿಕ್ಕಿಗೆ ತಿರುಗುತ್ತದೆ. ಬಲಬದಿಯಲ್ಲಿ ಅದರ ರೆಕ್ಕೆಗಳು ಕೆಳಗಿಳಿಯುವುದರಿಂದ ಆ ಬದಿಯೇ ಉತ್ತಮ.

ಟ್ರಾನ್ಸ್‌ಡ್ಯೂಸರಿನ ಕೆಳಮೈ ದೋಣಿಯ ತಳಕ್ಕಿಂತ ತುಸು ಕೆಳಗಿರಬೇಕು. ಫೈಬರ್ ದೋಣಿಗೆ 3 ಮಿಲಿಮೀಟರ್ ಸಾಕಾದರೆ, ಅಲ್ಯೂಮಿನಿಯಂ ದೋಣಿಯ ತಳ ಅಷ್ಟು ನುಣುಪಲ್ಲದ ಕಾರಣ ಸುಮಾರು 10 ಮಿಲಿಮೀಟರ್ ಬೇಕು. ದೋಣಿ ಓಡುವಾಗ ಕೆಳಮೈ ನೀರಿನ ಮಟ್ಟಕ್ಕೆ ಸಮಾಂತರವಾಗಿರಲಿ.

ನೇರವಾಗಿ ಲೋಹಕ್ಕೇ ತೂತು ಕೊರೆಯುವ ಆತುರ ಬೇಡ. ಮೊದಲ ಸಲವೇ ಸರಿಯಾದ ಜಾಗ ಸಿಗುವುದು ಅಪರೂಪ. ಪ್ರತಿ ಬದಲಾವಣೆಗೂ ಹೊಸ ತೂತು ಬೇಕಾಗುತ್ತದೆ. ತರಕಾರಿ ಹೆಚ್ಚಲು ಬಳಸುವ ಬಿಳಿ ಪ್ಲಾಸ್ಟಿಕ್ ಹಲಗೆಯ ಜಾತಿಯ ದಪ್ಪ ಹಲಗೆಯೊಂದನ್ನು, ನೀರಿನ ಗೆರೆಗಿಂತ ಮೇಲೆ ಎರಡು ಸ್ಟೈನ್‌ಲೆಸ್ ಬೋಲ್ಟ್ ಹಾಕಿ ಹಿಂಬದಿಗೆ ಬಿಗಿಯಿರಿ. ಅದರ ಕೆಳತುದಿಗೆ ಟ್ರಾನ್ಸ್‌ಡ್ಯೂಸರನ್ನು ಜೋಡಿಸಿರಿ. ಮುಂದೆ ಮೇಲೆ ಕೆಳಗೆ ಸರಿಸುವುದಿದ್ದರೂ ಪ್ಲಾಸ್ಟಿಕ್ಕಿಗೇ ತೂತು, ದೋಣಿಗಲ್ಲ. ಬೋಲ್ಟಿನ ಸುತ್ತ ದೋಣಿಗೆಂದೇ ಇರುವ ಸೀಲಂಟ್ ತುಂಬಿಸಬೇಕು. ವಿನೆಗರ್ ವಾಸನೆ ಬರುವ ಅಗ್ಗದ ಸಿಲಿಕೋನ್ ಅಲ್ಯೂಮಿನಿಯಮನ್ನು ತಿನ್ನುತ್ತದೆ.

ವಿದ್ಯುತ್ ಸಂಪರ್ಕ

ಯಂತ್ರಕ್ಕೆ ಬೇಕಾಗುವುದು 12 ವೋಲ್ಟಿನ ಬ್ಯಾಟರಿ. ಸಣ್ಣ ಪರದೆಯ ಯಂತ್ರಕ್ಕೆ 7 ಆಂಪಿಯರ್-ಅವರಿನ ಬ್ಯಾಟರಿ ಕೆಲವು ಗಂಟೆಗಳಿಗೆ ಸಾಕು. ಕೈಪಿಡಿಯಲ್ಲಿ ಹೇಳಿದ ಫ್ಯೂಸನ್ನು ತಪ್ಪದೆ ಹಾಕಿರಿ. ಎರಡೂ ತಂತಿಗಳು ಬ್ಯಾಟರಿಗೇ ಹೋಗಬೇಕು. ವಾಹನಗಳಲ್ಲಿ ಮಾಡುವಂತೆ ಒಂದು ತಂತಿಯನ್ನು ದೋಣಿಯ ಮೈಗೆ ಕೊಟ್ಟರೆ ಲೋಹ ಬೇಗ ಸವೆಯುತ್ತದೆ. ಟ್ರಾನ್ಸ್‌ಡ್ಯೂಸರಿನ ತಂತಿಯನ್ನು ಎಂಜಿನ್ನಿನ ತಂತಿಗಳಿಂದ ದೂರವಿಡಿ. ಉದ್ದ ಹೆಚ್ಚಾಯಿತೆಂದು ಅದನ್ನು ಕತ್ತರಿಸಬೇಡಿ, ಸುತ್ತಿ ಕಟ್ಟಿರಿ.

ಲೆಕ್ಕ ಮತ್ತು ಪರೀಕ್ಷೆ

ಯಂತ್ರ ಅಳೆಯುವುದು ಟ್ರಾನ್ಸ್‌ಡ್ಯೂಸರಿನಿಂದ ತಳಕ್ಕೆ ಇರುವ ದೂರವನ್ನು ಮಾತ್ರ. ಅದು ನೀರಿನ ಮಟ್ಟದಿಂದ 20 ಸೆಂಟಿಮೀಟರ್ ಕೆಳಗಿದೆ, ಎಂಜಿನ್ನಿನ ಕೆಳತುದಿ 60 ಸೆಂಟಿಮೀಟರ್ ಕೆಳಗಿದೆ ಎಂದಿಟ್ಟುಕೊಳ್ಳಿ. ಪರದೆ 1.2 ಮೀಟರ್ ತೋರಿಸಿದರೆ ನೀರಿನ ಆಳ 1.4 ಮೀಟರ್, ಆದರೆ ಎಂಜಿನ್ನಿನ ಕೆಳಗೆ ಉಳಿದಿರುವುದು 0.8 ಮೀಟರ್ ಮಾತ್ರ. ಈ ವ್ಯತ್ಯಾಸವನ್ನು ಯಂತ್ರಕ್ಕೆ ಮೊದಲೇ ತಿಳಿಸುವ ವ್ಯವಸ್ಥೆ ಹೆಚ್ಚಿನ ಮಾದರಿಗಳಲ್ಲಿದೆ. ಅಳತೆ ಅಡಿಯಲ್ಲಿದೆಯೇ, ಮೀಟರಿನಲ್ಲಿದೆಯೇ ಎಂಬುದನ್ನೂ ದೋಣಿ ಹತ್ತುವ ಎಲ್ಲ ಚಾಲಕರು ತಿಳಿದಿರಬೇಕು.

ಬಳಿಕ ಶಾಂತವಾದ ನೀರಿನಲ್ಲಿ ದೋಣಿ ನಿಲ್ಲಿಸಿ, ಹಿರಿಯರಂತೆ ಭಾರ ಕಟ್ಟಿದ ಹಗ್ಗ ಬಿಟ್ಟು ಆಳ ನೋಡಿ ಪರದೆಯೊಡನೆ ಹೋಲಿಸಿರಿ. ಎರಡೂ ಹೊಂದಿದರೆ ನಿಧಾನವಾಗಿ ವೇಗ ಹೆಚ್ಚಿಸಿರಿ. ಯಾವ ವೇಗದಲ್ಲಿ ಅಂಕಿ ಮಿಣುಕುತ್ತದೋ, ಅದಕ್ಕಿಂತ ಹೆಚ್ಚಿನ ವೇಗದಲ್ಲಿ ಆ ಯಂತ್ರವನ್ನು ನಂಬುವಂತಿಲ್ಲ. ಟ್ರಾನ್ಸ್‌ಡ್ಯೂಸರನ್ನು ಕೆಲವು ಮಿಲಿಮೀಟರ್ ಕೆಳಗಿಳಿಸಿ ಮತ್ತೆ ನೋಡಬೇಕು. ಕುದ್ರುವಿನ ದೋಣಿಯಲ್ಲಿ ಅದನ್ನು ರಿವೆಟ್ ಸಾಲಿನ ನೇರಕ್ಕೆ, ಫ್ಯಾನಿನ ಮಗ್ಗುಲಲ್ಲೇ ಬಿಗಿಯಲಾಗಿತ್ತು. ಯುವಕರು ಅರ್ಧ ದಿನ ಕುಳಿತು ಜಾಗ ಬದಲಿಸಿದ ಮೇಲೆ ಅದೇ ಯಂತ್ರ ಸರಿಯಾಗಿ ಕೆಲಸ ಮಾಡುತ್ತಿದೆ. ಹೊಸ ಯಂತ್ರಕ್ಕೆ ಹಣ ಹಾಕಬೇಕಾಗಿ ಬರಲಿಲ್ಲ.

ಯಂತ್ರ ಹೇಳದ ಮಾತು

ಎಷ್ಟು ಚೆನ್ನಾಗಿ ಜೋಡಿಸಿದರೂ ಈ ಯಂತ್ರ ತೋರಿಸುವುದು ಕಾಲಡಿಯ ಆಳವನ್ನು, ಮುಂದಿನ ಆಳವನ್ನಲ್ಲ. ದಿಬ್ಬದ ಅಂಚು ಕಡಿದಾಗಿದ್ದರೆ ಎಚ್ಚರಿಕೆಯ ಗಂಟೆ ಹೊಡೆಯುವಾಗ ದೋಣಿಯ ಮೂತಿ ಅದಾಗಲೇ ದಿಬ್ಬದ ಮೇಲಿರುತ್ತದೆ. ಅರ್ಧ ಮೀಟರಿಗಿಂತ ಕಡಿಮೆ ನೀರಿನಲ್ಲಿ ಹೆಚ್ಚಿನ ಯಂತ್ರಗಳ ಅಂಕಿ ನಂಬಲರ್ಹವಲ್ಲ. ಅಳಿವೆ ಬಾಗಿಲಲ್ಲಿ ಅಲೆ ಒಡೆದು ನೊರೆ ಏಳುವಾಗ ಯಂತ್ರ ಕುರುಡಾಗುತ್ತದೆ. ಅಂದರೆ ಅತಿ ಹೆಚ್ಚು ಬೇಕಾದ ಹೊತ್ತಿನಲ್ಲೇ ಅದು ಕೈಕೊಡುತ್ತದೆ. ಒಂದು ಮೀಟರ್ ಎತ್ತರದ ಅಲೆಯ ತಗ್ಗಿನಲ್ಲಿ ನೀರು ಅರ್ಧ ಮೀಟರಿನಷ್ಟು ಕಡಿಮೆಯಾಗಿರುತ್ತದೆ ಎಂಬುದನ್ನೂ ಮರೆಯಬಾರದು.

ಆದ್ದರಿಂದ ಇದನ್ನು ಬಿರುಸಿನ ದಿನದ ಧೈರ್ಯಕ್ಕಲ್ಲ, ಶಾಂತ ದಿನದ ಅಭ್ಯಾಸಕ್ಕೆ ಬಳಸಬೇಕು. ಮಳೆ ನಿಂತ ಮೇಲೆ, ಇಳಿತದ ಹೊತ್ತಿನಲ್ಲಿ ನಿಧಾನವಾಗಿ ಸಾಗಿ ಆಳದ ದಾರಿಯನ್ನು ಹುಡುಕಿ ಜಿಪಿಎಸ್‌ನಲ್ಲಿ ಗುರುತಿಸಿಡಿ. ದೊಡ್ಡ ನೆರೆ ಬಂದು ಹೋದರೆ ಮತ್ತೊಮ್ಮೆ ನೋಡಿ. ಆ ನೀರಿನಲ್ಲೇ ಬೆಳೆದ ತಂಡೇಲರೊಬ್ಬರನ್ನು ಜೊತೆಗೆ ಕರೆದೊಯ್ಯಿರಿ. ನೀರಿನ ಬಣ್ಣ ನೋಡಿ ದಿಬ್ಬ ಗುರುತಿಸುವ ಅವರ ಕಣ್ಣಿಗೆ ಯಂತ್ರ ನೆರವಾಗಬಹುದೇ ಹೊರತು ಬದಲಿಯಾಗಲಾರದು. ಅಳಿವೆಯಲ್ಲಿ ಅಲೆ ಒಡೆಯುತ್ತಿದ್ದರೆ ಉಬ್ಬರಕ್ಕಾಗಿ ಕಾಯುವುದೇ ಜಾಣತನ.

ಕೊನೆಯದಾಗಿ ಒಂದು ವಿನಂತಿ. ಯಂತ್ರ ಕೊಳ್ಳಲು ಕೂಡಿಸುವ ಹಣದಲ್ಲಿ ಮೊದಲು ದೋಣಿ ಹತ್ತುವ ಪ್ರತಿಯೊಬ್ಬರಿಗೂ, ಮಕ್ಕಳ ಅಳತೆಯದ್ದೂ ಸೇರಿ, ಲೈಫ್ ಜಾಕೆಟ್ ಬರಲಿ. ಮಿಕ್ಕ ಹಣದಲ್ಲಿ ಯಂತ್ರ. ವಾಳೆಯ ಗುರಿಕಾರರು ಈ ವಿಷಯವನ್ನು ಮುಂದಿನ ಸಭೆಯಲ್ಲಿ ಪ್ರಸ್ತಾಪಿಸಿದರೆ ನಮ್ಮ ಈ ಬರಹ ಸಾರ್ಥಕ.

– ಸಂ.